ಆರೋ ಒಂಬತ್ತೋ

ಮೊನ್ನೆ ಒಂದು ಹಳೆಯ ಪಾಲಿಸಿಗಾಗಿ ಕಪಾಟು ಕೆದಕುತ್ತಿದ್ದಾಗ ಫೈಲಿನಿಂದ ಒಂದು ಹೋಟೆಲ್ ಚೀಟಿ ಉದುರಿತು. ಅದರ ತುಂಬ ಕನ್ನಡ ಅಂಕಿಗಳು. ಕೊನೆಯ ಸಾಲಿನ ಒಂದು ಅಂಕಿಯನ್ನು ಮಾತ್ರ ಯಾರೋ ಸಿಟ್ಟು ಬಂದವರಂತೆ ನೀಲಿ ಪೆನ್ನಿನಲ್ಲಿ ಒತ್ತಿ ತಿದ್ದಿದ್ದಾರೆ. "ಇದ್ಯಾವ ಹೋಟ್ಲು ಬಿಲ್ಲು? ಎಸೀಲಾ?" ಎಂದು ನನ್ನ ಹೆಂಡತಿ ಕೇಳಿದಳು. ಉತ್ತರ ಚಿಕ್ಕದು. ಆದರೆ ಅದನ್ನು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ, ಅದನ್ನು ನಾನು ಇಷ್ಟು ವರ್ಷ ಅವಳಿಂದ ಮುಚ್ಚಿಟ್ಟಿದ್ದೇನೆ. ಮೊದಲು ನಿಮಗೆ ಹೇಳಿ ಅಭ್ಯಾಸ ಮಾಡಿಕೊಳ್ಳುತ್ತೇನೆ.

ನನ್ನ ಅಣ್ಣ ಬ್ಯಾಂಕಿನಲ್ಲಿ ಗುಮಾಸ್ತ, ರಜಾದಿನಗಳಲ್ಲಿ ಆರ್ಕೆಸ್ಟ್ರಾದ ಕೀಬೋರ್ಡ್ ವಾದಕ. ಗೋರೆಗಾಂವ್‌ನಲ್ಲಿ ಮುಚ್ಚಿಹೋದ ಒಂದು ಆರ್ಕೆಸ್ಟ್ರಾದವರಿಂದ ಜಪಾನಿನ ಹಳೆಯ ಸಿಂಥಸೈಜರ್ ಒಂದನ್ನು ಸೆಕೆಂಡ್‌ಹ್ಯಾಂಡ್ ಕೊಂಡಿದ್ದ. ಆ ಯಂತ್ರದಲ್ಲಿ ನಮಗೆ ಬೇಕಾದ ನಾದವನ್ನು ನಾವೇ ಹದಮಾಡಿ, ಹೆಸರಿಟ್ಟು, ಉಳಿಸಿಕೊಳ್ಳಬಹುದು. ಅದಕ್ಕೆ ಟೋನ್ ಎನ್ನುತ್ತಾರೆ. ಅಣ್ಣನ ಟೋನುಗಳ ಹೆಸರು ಕುಕ್ಕರ್, ವಿರಾರ್ ಲೋಕಲ್, ಬ್ರಾಂಚ್ ಮ್ಯಾನೇಜರ್, ಹೀಗೆ. ಒಂದಕ್ಕೆ ಅತ್ತಿಗೆಯ ಹೆಸರು, ಸರೋಜ. ಸಾಂತಾಕ್ರೂಜ್‌ನ ಆ ಎರಡು ಕೋಣೆಯ ಮನೆಯಲ್ಲಿ ಅತ್ತಿಗೆ ಅಡುಗೆಮನೆಯಿಂದ "ಊಟ ಆರ್ತಾ ಇದೆ" ಎಂದು ಕೂಗಿದರೆ ಇವನು ಆ ಟೋನನ್ನು ಒಂದು ಸಲ ಒತ್ತಿ ಉತ್ತರ ಕೊಡುತ್ತಿದ್ದ. ಅದು ಹೇಗಿತ್ತೆಂದು ಕೇಳಬೇಡಿ. ಸಂಗೀತದಲ್ಲಿ ನನ್ನ ಕಿವಿ ಡೋರ್‌ಬೆಲ್ ದಾಟಿ ಮುಂದಕ್ಕೆ ಹೋಗಿಲ್ಲ.

ಅಣ್ಣ ತೀರಿಕೊಂಡ ಮರುವರ್ಷ ಅತ್ತಿಗೆ ಫೋನ್ ಮಾಡಿದರು. ಧೈರ್ಯ ಮಾಡಿ ಯಂತ್ರ ಹಚ್ಚಿದರೆ ನಟ್ಟನಡುವಿನ ಒಂದು ಕೀ ಮೂಕವಾಗಿದೆ, ಪುಟ್ಟ ಪರದೆಯ ಮೇಲೆ ಬ್ಯಾಟರಿ ಮುಗಿಯುತ್ತಿದೆ ಎಂದು ಬರುತ್ತಿದೆ. "ಅದರಲ್ಲಿ ಸರೋಜ ಅಂತ ಒಂದಿದೆ. ಅದೊಂದು ಹೋಗ್ಬಾರ್ದು ನೋಡಿ," ಎಂದರು. ನಾನು ವಿಮಾ ಕಚೇರಿಯವನು, ಭರವಸೆ ಕೊಡುವುದು ನನ್ನ ಕಸುಬು. "ನಾನಿದ್ದೀನಲ್ಲ ಅತ್ತಿಗೆ," ಎಂದೆ.

ಯಂತ್ರವನ್ನು ಬಿಳಿಯ ಬೆಡ್‌ಶೀಟಿನಲ್ಲಿ ಸುತ್ತಿ ಹಾರ್ಬರ್ ಲೈನಿನ ಲೋಕಲ್ ರೈಲಿನ ಲಗೇಜ್ ಡಬ್ಬಿಗೆ ಹತ್ತಿಸಿದೆ. ಉದ್ದ ಗಂಟು, ಎರಡೂ ತುದಿಗೆ ದಾರ. ಮೀನಿನ ಬುಟ್ಟಿಯ ಹೆಂಗಸೊಬ್ಬಳು ಅದನ್ನೇ ನೋಡುತ್ತ, ಯಾರು ಹೋದರು ಎಂದು ಮರಾಠಿಯಲ್ಲಿ ಕೇಳಿದಳು. "ಭಾವು," ಎಂದೆ. ಸುಳ್ಳೇನಲ್ಲ, ಹೋದವನು ಅಣ್ಣನೇ. ಡಬ್ಬಿಯವರೆಲ್ಲ ಸರಿದು ಜಾಗ ಮಾಡಿಕೊಟ್ಟರು. ವಡಾಲದವರೆಗೆ ನಾನು ಆ ಗಂಟಿನ ಮೇಲೆ ಕೈಯಿಟ್ಟು ನಿಂತಿದ್ದೆ, ಮತ್ತು ನನಗೆ ನಿಜವಾಗಿಯೂ ಅಳು ಬಂತು.

ವಡಾಲದಲ್ಲಿ ವಾಸುದೇವಣ್ಣ ಇದ್ದರು. ಉಡುಪಿ ಕಡೆಯವರು, ತಮ್ಮನ ಹೋಟೆಲಿನ ಹಿಂದಿನ ಉಗ್ರಾಣವೇ ಅವರ ರಿಪೇರಿ ಅಂಗಡಿ. ಮೂವತ್ತು ವರ್ಷ ಅದೇ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದು, ಕೆಟ್ಟ ಗ್ರೈಂಡರ್, ರೇಡಿಯೊ ಎಂದು ಶುರುಮಾಡಿ ಕೀಬೋರ್ಡುಗಳ ತನಕ ಬಂದವರು. ಮೂಕ ಕೀಯನ್ನು ಹತ್ತು ಸಲ ಒತ್ತಿ, ಮುಚ್ಚಳ ತೆಗೆಯುವ ಮೊದಲೇ, "ಪೂಜೆ ಮಾಡ್ಲಿಕ್ಕುಂಟಾ ಇದಕ್ಕೆ?" ಎಂದು ಕೇಳಿದರು. ನಮ್ಮ ಮನೆತನದ ಮಾನ ಕಾಯಲು ಇಲ್ಲವೆಂದೆ. ಮುಚ್ಚಳ ತೆಗೆದರು. ಕೀಗಳ ಕೆಳಗೆ ಹಲವು ಆಯುಧಪೂಜೆಗಳ ಕುಂಕುಮ, ಒಣಗಿದ ಚೆಂಡುಹೂವಿನ ಎಸಳು, ಆ ಮೂಕ ಕೀಯ ರಬ್ಬರಿನಡಿ ಸರಿಯಾಗಿ ಒಂದು ಅಕ್ಷತೆಕಾಳು.

"ಇದು ಕಂಪನಿಯವರು ಹಾಕಿದ್ದಿರಬೇಕು," ಎಂದರು ವಾಸುದೇವಣ್ಣ, ನಗದೆ.

ಕೀ ಮಾತಾಡಿತು. ಇನ್ನು ಸೆಲ್. ಟೋನುಗಳ ನೆನಪೆಲ್ಲ ಆ ಬಿಲ್ಲೆಯಂಥ ಸೆಲ್ಲಿನ ಮೇಲೆ ನಿಂತಿದೆ, ಅದನ್ನು ತೆಗೆಯುವಾಗ ಕರೆಂಟು ಇರಲೇಬೇಕು, ಇಲ್ಲದಿದ್ದರೆ ಎಲ್ಲ ಅಳಿಸಿಹೋಗುತ್ತದೆ ಎಂದು ವಿವರಿಸಿದರು. ನಾನು ಗೋಣು ಹಾಕಿದೆ. ಆದರೂ ಅವರು ಸೆಲ್ ಮುಟ್ಟಲಿಲ್ಲ. ಆರ್ಡರ್ ಬರೆದುಕೊಳ್ಳದೆ ಒಳಗೆ ಹೋಗುವ ಅಭ್ಯಾಸ ಅವರಿಗಿಲ್ಲವಂತೆ. "ಯಾವುದು ಮುಖ್ಯ?" ಎಂದು ಕೇಳಿ, ಹೋಟೆಲಿನ ಚೀಟಿ ಪುಸ್ತಕ ತೆಗೆದು, ಸರೋಜ ಟೋನನ್ನು ಅಣ್ಣ ಹದಮಾಡಿದ್ದ ಅಂಕಿಗಳನ್ನೆಲ್ಲ ಪರದೆಯಿಂದ ನೋಡಿ ಬರೆದರು. ಅಡುಗೆಮನೆಯ ಭಟ್ಟರಿಗೆ ಬೇರೆ ಅಂಕಿ ಓದಲು ಬಾರದ ಕಾಲದಲ್ಲಿ ಕಲಿತ ಕೈ, ಎಲ್ಲ ಕನ್ನಡ ಅಂಕಿಗಳೇ. ಬರೆದು ಮುಗಿಸಿ ಸ್ಕ್ರೂಡ್ರೈವರಿನಿಂದ ಸೆಲ್ ಎಬ್ಬಿಸಿದರು.

ನೋಡಿ, ಇಪ್ಪತ್ತೆಂಟು ವರ್ಷ ಅಪಘಾತದ ಕ್ಲೇಮುಗಳನ್ನು ಓದಿದವನು ನಾನು. ಕರೆಂಟು ಇರುವ ಯಂತ್ರದೊಳಗೆ ಒಬ್ಬ ಮುದುಕ ಕಬ್ಬಿಣ ಹಾಕಿದ್ದು ಕಂಡಿತು. ಕೈ ತಾನಾಗಿ ಹೋಗಿ ಗೋಡೆಯ ಸ್ವಿಚ್ ಆರಿಸಿತು.

"ಎಂತ ಮಾಡಿದ್ರಿ ಮಾರಾಯ್ರೆ?"

"ಸೇಫ್ಟಿಗೆ," ಎಂದೆ.

ಹೊಸ ಸೆಲ್ ಹಾಕಿ ಮತ್ತೆ ಹಚ್ಚಿದಾಗ ಪರದೆಯ ಮೇಲೆ ಅಣ್ಣ ಇಟ್ಟ ಒಂದು ಹೆಸರೂ ಇರಲಿಲ್ಲ. ವಾಸುದೇವಣ್ಣ ಚೀಟಿಯನ್ನು ನನ್ನ ಮುಂದೆ ಹಿಡಿದರು. "ಸರೋಜಮ್ಮ ಉಂಟು. ಮತ್ತೆ ಯಾರೂ ಇಲ್ಲ." ಆರ್ಡರ್ ಓದಿ ಹೇಳುವ ಧಾಟಿಯಲ್ಲಿ ಒಂದೊಂದೇ ಅಂಕಿ ಓದುತ್ತ ಯಂತ್ರಕ್ಕೆ ತುಂಬಿದರು. ಕೊನೆಯ ಸಾಲಿನಲ್ಲಿ ತಡವರಿಸಿದರು. ಆರೋ ಒಂಬತ್ತೋ, ಅವರ ಕೈಯಲ್ಲಿ ಎರಡರ ಬಾಲವೂ ಒಂದೇ. "ಹೋಟ್ಲಲ್ಲಿ ಯಾರೂ ಒಂಬತ್ತು ಇಡ್ಲಿ ಕೇಳುದಿಲ್ಲ ಅಲ್ವಾ, ಕೈಗೆ ರೂಢಿ ಇಲ್ಲ," ಎಂದರು. ಆರು ಹಾಕಿ ನುಡಿಸಿದರು. ಇಂಪಾಗಿತ್ತು. ಇಬ್ಬರಿಗೂ ಅದೇ ಸರಿ ಎನಿಸಿತು.

ಮರುದಿನ ಅತ್ತಿಗೆಯ ಮನೆಯಲ್ಲಿ ನಾನೇ ಒತ್ತಿದೆ. ಅವರು ಸೆರಗಿನಲ್ಲಿ ಕೈ ಒರೆಸುತ್ತ ಕೇಳಿದರು.

"ಇದು ಅದಲ್ಲ."

"ಅದೇ ಅತ್ತಿಗೆ. ನೋಡಿ, ಹೆಸರೂ ಇದೆ."

"ಹೆಸರಿದೆ. ಏನ್ಮಾಡಿದ್ರಿ ಹೇಳಿ."

ಹೇಳಿದೆ. ಸ್ವಿಚ್ ಆರಿಸಿದ್ದು ನಾನೇ, ಅಣ್ಣನ ಕುಕ್ಕರು, ಲೋಕಲು, ಮ್ಯಾನೇಜರು ಎಲ್ಲ ನನ್ನ ಕೈಯಿಂದಲೇ ಹೋದವು, ಚೀಟಿಯ ಕೊನೆಯ ಸಾಲಿನಲ್ಲಿ ಅನುಮಾನದಲ್ಲೇ ಆರು ಹಾಕಿದೆವು ಎಂದು. ಅಕ್ಷತೆಯ ವಿಷಯ ಮಾತ್ರ ಹೇಳಲಿಲ್ಲ. ಅತ್ತಿಗೆ ಬೈಯಲಿಲ್ಲ. ಕೈ ಚಾಚಿ ಚೀಟಿ ಈಸಿಕೊಂಡರು, ಕನ್ನಡಕ ಹಾಕಿ ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಇದು ಆರಲ್ಲ, ಒಂಬತ್ತು. ಹಾಕಿ."

ಒಂಬತ್ತು ಹಾಕಿ ಒತ್ತಿದೆ. ಸ್ಟೀಲ್ ತಟ್ಟೆ ಮೊಸಾಯಿಕ್ ನೆಲಕ್ಕೆ ಬಿದ್ದಂತೆ ಒಂದು ಸದ್ದು ಮನೆಯನ್ನೆಲ್ಲ ತುಂಬಿತು. ನಾನು ಕಿವಿ ಮುಚ್ಚಿಕೊಂಡೆ. ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಮುಖ ಕೆಂಪಾಗಿತ್ತು.

"ಇದು ನಾನು," ಎಂದರು. "ಅಷ್ಟು ಮೆತ್ತಗೆ ಕೂಗಿದ್ರೆ ನಿಮ್ಮಣ್ಣ ಊಟಕ್ಕೆ ಬರ್ತಿದ್ರಾ?"

ಆಮೇಲೆ ಪೆನ್ನು ತಂದು ಆ ಅಂಕಿಯನ್ನು ಒತ್ತಿ ತಿದ್ದಿ, ಪಾಲಿಸಿಗಳ ಜೊತೆ ಇಟ್ಟುಕೊಳ್ಳಿ, ಮತ್ತೆ ಸೆಲ್ ಬದಲಿಸುವಾಗ ಬೇಕಾಗುತ್ತದೆ ಎಂದು ಚೀಟಿಯನ್ನು ನನ್ನ ಕೈಗೇ ಕೊಟ್ಟರು. ಅಷ್ಟೆಲ್ಲ ಆದಮೇಲೂ ನನ್ನ ಕೈಗೆ.

ಇಷ್ಟನ್ನು ನಿಮಗೆ ಹೇಳಿದಂತೆಯೇ ಹೆಂಡತಿಗೂ ಹೇಳಿದೆ. "ಎಸೀಬೇಡ, ಅದು ಅತ್ತಿಗೆ," ಎಂದು ಶುರುಮಾಡಿ, ಸ್ವಿಚ್ಚನ್ನೂ ಬಿಡದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಫೈಲಿಗೆ ಸೇರಿಸಿದಳು.

"ಕುಕ್ಕರ್ ಹೇಗಿತ್ತು?" ಎಂದು ಕೇಳಿದಳು.

"ನೆನಪಿಲ್ಲ ಕಣೇ," ಎಂದೆ. "ಅದಕ್ಕೆ ಚೀಟಿ ಇಲ್ಲ."