ಕೆಟ್ಟ ಫೋಟೋಗಳು

ನನ್ನ ಗೆಳೆಯ ಸತ್ತ ಸುದ್ದಿ ಬಂದಾಗ ನಾನು ಅವನ ಬಲಗೈ ಬಿಡಿಸುತ್ತಿದ್ದೆ. ನಾನು ಕಾಮಿಕ್ಸ್ ಚಿತ್ರಕಾರ. ಇರುವುದು ಮಹಾರಾಷ್ಟ್ರದ ಗಡಿಯ ಜತ್ತದಲ್ಲಿ, ಪುಸ್ತಕ ಬರುವುದು ಮರಾಠಿಯಲ್ಲಿ, ಅಚ್ಚಾಗುವುದು ಪುಣೆಯಲ್ಲಿ. ಕಥೆಯ ನಾಯಕ ಒಬ್ಬ ಬಸ್ ಕಂಡಕ್ಟರ್. ಊರೂರಿಗೆ ಟಿಕೆಟ್ ಹರಿಯುತ್ತಲೇ ಕಳ್ಳರನ್ನು ಹಿಡಿಯುತ್ತಾನೆ. ಹನ್ನೆರಡು ವರ್ಷದಿಂದ ಆ ಕಂಡಕ್ಟರನ ಕೈ, ಕತ್ತು, ನಡಿಗೆ ಎಲ್ಲ ಈ ಗೆಳೆಯನದೇ. ಫೋನ್ ಕೆಳಗಿಟ್ಟು ಮತ್ತೆ ಪೆನ್ನು ಹಿಡಿದೆ. ಕಿರುಬೆರಳೊಂದು ಬಾಕಿ ಇತ್ತು. ಅದನ್ನು ಮುಗಿಸಿಯೇ ಎದ್ದೆ.

ಅವನದು ಉಮದಿಯಲ್ಲಿ ಮೋಟಾರ್ ರಿಪೇರಿ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟಾರ್ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಹೊಸ ಕಥೆ ಕೈಗೆ ಬಂದಾಗಲೆಲ್ಲ ನಾನು ಬಸ್ಸು ಹತ್ತಿ ಉಮದಿಗೆ ಹೋಗುತ್ತಿದ್ದೆ. ಪುಟದ ಒಂದೊಂದು ಚೌಕಕ್ಕೂ ಅವನನ್ನು ನಿಲ್ಲಿಸಿ, ಓಡಿಸಿ, ಬೀಳಿಸಿ ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದು, ಅವನ್ನು ನೋಡಿಕೊಂಡು ಚಿತ್ರ ಬಿಡಿಸುತ್ತಿದ್ದೆ. ಕಂಡಕ್ಟರ್ ಅವನೇ, ಕಳ್ಳ ಅವನೇ, ಫೌಜದಾರನೂ ಅವನೇ. ಮುದುಕಿ ಬೇಕಾದಾಗ ಹೆಂಡತಿಯ ಸೀರೆ ಹೊದ್ದು ಕಟ್ಟೆಯ ಮೇಲೆ ಕೂತ. ಮುಖ ಮಾತ್ರ ಅವನದಲ್ಲ. ಕಾಮಿಕ್ಸಿನ ಮುಖಕ್ಕೆ ಮೂರು ಗೆರೆ, ಎರಡು ಚುಕ್ಕೆ ಸಾಕು.

ಅವನ ದೊಡ್ಡ ದೋಷ ಅಂದರೆ ನಗು. ಹತ್ತು ಫೋಟೋದಲ್ಲಿ ಏಳು ಕೆಡುತ್ತಿದ್ದವು. ನಕ್ಕುಬಿಡುತ್ತಿದ್ದ, ಇಲ್ಲವೇ ಕಣ್ಣು ಮಿಟುಕಿಸುತ್ತಿದ್ದ, ಅದೂ ಇಲ್ಲದಿದ್ದರೆ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಅವರ ಮೋಟಾರಿನ ಯೋಗಕ್ಷೇಮ ಕೇಳುತ್ತಿದ್ದ. ನನಗೆ ತಲೆ ಕೆಡುತ್ತಿತ್ತು.

"ಲೇ, ನಿನ್ನ ಹಲ್ಲು ನೋಡಾಕ ಬಂದಿಲ್ಲ ನಾ. ಸತ್ತಂಗ ಬೀಳು ಅಂದ್ರ ಸತ್ತಂಗ ಬೀಳು!"

"ಒಂದ್ ಚಾ ಕುಡಸಲೇ ಮೊದಲ. ಆಮ್ಯಾಲ ಬೇಕಾದಂಗ ಸಾಯ್ತೀನಿ."

ಚಹಾ ಕುಡಿಯುತ್ತಾ ಕೆಟ್ಟ ಫೋಟೋಗಳನ್ನು ಅಳಿಸುವುದು ನನ್ನ ರೂಢಿ. ಫೋನಿನಲ್ಲಿ ಜಾಗ ಬೇಕಲ್ಲ. ಅವನೂ ನನ್ನ ಭುಜದ ಮೇಲೆ ಗದ್ದ ಇಟ್ಟು ನೋಡುತ್ತಿದ್ದ. "ತಗಿ, ತಗಿ, ಅದನ್ನೂ ತಗಿ, ಮಂಗ್ಯಾನಂಗ ಕಾಣತೀನಿ" ಎಂದು ತಾನೇ ಹೇಳುತ್ತಿದ್ದ. ಕೆಲಸದ ಫೋಟೋಗಳಷ್ಟೇ ಉಳಿಯುತ್ತಿದ್ದವು.

ಒಮ್ಮೆ, ಸೋನ್ಯಾಳದ ದಾರಿಯಲ್ಲಿ ಒಂದು ಬೇವಿನ ಮರದ ಕೆಳಗೆ, ಅವನನ್ನು ಹೆಣವಾಗಿ ಮಲಗಿಸಿದ್ದೆ. ನಾನು ಬಿಸಿಲು ಸರಿಯಲಿ ಎಂದು ಕಾದು, ಸುತ್ತ ತಿರುಗಿ ಫೋಟೋ ತೆಗೆದೆ. ಅಷ್ಟು ಹೊತ್ತೂ ಅವನು ಅಲುಗಲಿಲ್ಲ. ಒಂದೂ ಕೆಡಲಿಲ್ಲ. "ಇವತ್ತ ಭಾಳ ಚಲೋ ಸತ್ತಿ ನೋಡು" ಎಂದೆ. ಅವನು ಎದ್ದು ಕೂತು, ಕಣ್ಣುಜ್ಜಿಕೊಂಡು, ಖುಷಿಯಿಂದ ಅಂಗಿಯ ಕಸ ಝಾಡಿಸಿಕೊಂಡ.

ಪುಣೆಯ ಪುಸ್ತಕ ಮೇಳಕ್ಕೆ ಒಂದು ಸಲ ಅವನನ್ನೂ ಕರೆದುಕೊಂಡು ಹೋಗಿದ್ದೆ. ಕಂಡಕ್ಟರ್ ಇವನೇ ಎಂದು ಪ್ರಕಾಶಕರು ಹೇಳಿದ್ದೇ ತಡ, ಅವನ ಜೊತೆ ಫೋಟೋ ತೆಗೆಸಿಕೊಳ್ಳಲು ಸಾಲು ನಿಂತಿತು. ಎರಡು ಬೆರಳ ನಡುವೆ ಟಿಕೆಟ್ ಹಿಡಿದು, ಒಂದು ಹುಬ್ಬು ಏರಿಸಿ, ನಾನೇ ಕಲಿಸಿದ ಭಂಗಿಯಲ್ಲಿ ನಿಂತೇ ನಿಂತ. ನನ್ನ ಮೇಜಿನ ಮುಂದೆ ನೊಣವೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಅವನು ಶೇಂಗಾ ಚಿಕ್ಕಿಯ ಪೊಟ್ಟಣ ಬಿಚ್ಚಿ ನನ್ನ ತೊಡೆಯ ಮೇಲಿಟ್ಟು, "ತಿನ್ನಲೇ, ಸಿಟ್ಟಿಗೇಳಬ್ಯಾಡ. ಚಿತ್ರಾ ಬರೆಯಾಂವ ನೀನ ಅಲ್ಲೇನು?" ಎಂದ. ಆಮೇಲೆ ಉಮದಿಯಲ್ಲೂ ಅದೇ ಆಯಿತು. ಮದುವೆ ಇರಲಿ, ಗೃಹಪ್ರವೇಶ ಇರಲಿ, ಯಾರು ಫೋನ್ ಎತ್ತಿದರೂ ಇವನು ಹುಬ್ಬು ಏರಿಸುವುದೇ.

ಅವತ್ತು ಮಧ್ಯಾಹ್ನ ಅಂಗಡಿಯಲ್ಲಿ ಎದೆ ಹಿಡಿದು ಕೂತವನು ಏಳಲೇ ಇಲ್ಲವಂತೆ. ನಾನು ಹೋಗುವಷ್ಟರಲ್ಲಿ ಅವರ ಪದ್ಧತಿಯಂತೆ ಅವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ, ತಲೆಗೆ ರುಮಾಲು. ಕತ್ತು ವಾಲದಂತೆ ಹಿಂದಿನಿಂದ ಬಟ್ಟೆ ಕಟ್ಟಿದ್ದರು. ಗದ್ದ ಸ್ವಲ್ಪ ಮೇಲೆ ಆಗಿದೆ, ಕೆಳಗೆ ಮಾಡಬೇಕು ಎಂದು ನನಗೆ ಅನ್ನಿಸಿತು. ಅನ್ನಿಸಿದ್ದು ಅಷ್ಟೇ. ಸುತ್ತ ಎಲ್ಲರೂ ಅಳುತ್ತಿದ್ದರು. ನನ್ನ ಕೈ ಜೇಬಿನೊಳಗೆ ಫೋನ್ ಹುಡುಕುತ್ತಿತ್ತು. ಗೊತ್ತಾದ ಕೂಡಲೇ ಕೈ ಹೊರಗೆ ತೆಗೆದೆ. ಮಣ್ಣು ಕೊಟ್ಟು ಮನೆಗೆ ಬಂದು ಊಟ ಮಾಡಿದೆ, ಮಲಗಿದೆ, ನಿದ್ದೆಯೂ ಬಂತು. ಜೋಮು ಹಿಡಿದ ಕಾಲಿನ ಹಾಗೆ, ಚಿವುಟಿದರೂ ಗೊತ್ತಾಗುತ್ತಿರಲಿಲ್ಲ.

ಐದನೆಯ ದಿನ ಅವನ ಹೆಂಡತಿ ಕರೆಸಿದರು. ನಾನು ಅವರಿಗೆ ವೈನಿ ಅನ್ನುತ್ತೇನೆ, ಅವರು ನನಗೆ ಅಣ್ಣಾರ ಅನ್ನುತ್ತಾರೆ.

"ಹನ್ನೊಂದನೇ ದಿನಕ್ಕ ಫೋಟೋ ಇಡಬೇಕ್ರಿ ಅಣ್ಣಾರ. ಮದುವಿ ಫೋಟೋ ಭಾಳ ಹಳೇದು. ಮಂದಿ ಫೋನಿನ್ಯಾಗ ಎಲ್ಲಾ ಆ ಹುಬ್ಬು ಏರಿಸಿದ್ದ. ನಿಮ್ಮ ಕಡೆ ರಗಡ ಅದಾವಲ್ಲ, ಇವರು ಇವರಂಗ ಇದ್ದದ್ದು ಒಂದು ಕೊಡ್ರಿ."

"ಅದೇನ್ ದೊಡ್ಡ ಮಾತು ವೈನಿ" ಎಂದು ಫೋನ್ ತೆರೆದೆ. ನೂರಾರು ಫೋಟೋ. ಸರಿಸುತ್ತಾ ಹೋದೆ. ಅವರು ಪಕ್ಕದಲ್ಲಿ ಕೂತು ನೋಡುತ್ತಿದ್ದರು.

"ಇದು ಕಂಡಕ್ಟರ್. ಇದು ಕಳ್ಳ. ಇದು... ಅಯ್ಯ, ಇದು ನನ್ನ ಸೀರಿ." ಇನ್ನಷ್ಟು ಸರಿಸಿದ ಮೇಲೆ ಕೇಳಿದರು: "ಇವರೆಲ್ಲಿ ಅದಾರ್ರಿ ಅಣ್ಣಾರ? ನಗೂದು ಒಂದೂ ಇಲ್ಲೇನ್ರಿ?"

ಆಗ ನನಗೆ ತಿಳಿಯಿತು. ಹನ್ನೆರಡು ವರ್ಷ ಅವನು ಅವನಾಗಿ ಇದ್ದ ಫೋಟೋಗಳನ್ನೆಲ್ಲ ಹುಡುಕಿ ಹುಡುಕಿ, ಚಹಾ ಕುಡಿಯುತ್ತಾ, ನಾನೇ ಅಳಿಸಿದ್ದೆ.

"ಇದ್ದವು ವೈನಿ. ನಾನ ಅಳಿಸೇನಿ."

"ಎಲ್ಲಾನೂ?"

"ಎಲ್ಲಾನೂ."

ಅವರು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಒಂದೊಂದಾಗಿ ಸರಿಸಿದರು. ಬೇವಿನ ಮರದ ಫೋಟೋ ಬಂದಾಗ ಬೆರಳು ನಿಂತಿತು.

"ಇಲ್ಲಿ ಅದಾರ ನೋಡ್ರಿ."

"ಅದು ಹೆಣದ್ದು ವೈನಿ. ಕಥಿಗೆ ಬೇಕಾಗಿತ್ತು."

"ಅಲ್ರಿ. ಖರೇನ ನಿದ್ದಿ ಹತ್ತೇತಿ ಇವರಿಗೆ. ನಿದ್ದಿ ಹತ್ತಿತಂದ್ರ ಕೆಳಗಿನ ತುಟಿ ಹಿಂಗ ಎಡಕ್ಕ ಜಗ್ತಿತ್ತು. ನನಗ ಗೊತ್ತಾಗಂಗಿಲ್ಲೇನ್ರಿ?"

ಕಣ್ಣು ಮುಚ್ಚಿದ ಫೋಟೋ ಇಟ್ಟರೆ ಬಂದವರು ಏನಂದಾರು? ಈ ಮುಖವನ್ನೇ ನೋಡಿಕೊಂಡು ಕಣ್ಣು ತೆರೆದ ಹಾಗೆ ಚಿತ್ರ ಮಾಡಿಕೊಡುತ್ತೇನೆ ಎಂದು ಹೇಳಿ ಬಂದೆ. ತುಟಿ ಬಂತು, ಮೂಗು ಬಂತು. ಕಣ್ಣಿಗೆ ಬಂದು ಕೈ ನಿಂತಿತು. ಅವನ ಕಣ್ಣು ಹೇಗಿತ್ತು? ಹನ್ನೆರಡು ವರ್ಷ ಆ ಜಾಗಕ್ಕೆ ಎರಡು ಚುಕ್ಕೆ ಇಟ್ಟವನು ನಾನು. ಎಷ್ಟು ಸಲ ಬಿಡಿಸಿದರೂ ಕಾಗದದಿಂದ ಕಂಡಕ್ಟರ್ ನೋಡುತ್ತಿದ್ದ. ನಾಲ್ಕು ದಿನ ಕೂತೆ. ಕಾಗದ ಹರಿದು ಹಾಕಿದೆ. ನನ್ನ ಮೇಲೆ ನನಗೇ ಹೇಸಿಗೆ ಬಂತು. ಅಳು ಮಾತ್ರ ಬರಲಿಲ್ಲ.

ಹತ್ತನೆಯ ದಿನ ಖಾಲಿ ಕೈಯಲ್ಲಿ ಉಮದಿಗೆ ಹೋಗಿ, "ಬರವಲ್ದು ವೈನಿ" ಎಂದೆ.

"ಬಿಡ್ರಿ ಅಣ್ಣಾರ. ಕಣ್ಣು ತೆರದ್ರಂದ್ರ ಮತ್ತ ನೀವು ಹೇಳಿದಂಗ ನಿಂದ್ರಬೇಕಾಗ್ತೈತಿ. ಮಲಗಲಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ನೀರು ತರಲು ಒಳಗೆ ಹೋದರು.

ಬೇವಿನ ಮರದ ಫೋಟೋವನ್ನೇ ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸಿ ಇಟ್ಟರು. ಹನ್ನೊಂದನೆಯ ದಿನ ಬಂದವರು ಕೇಳಿದಾಗ ವೈನಿ "ಮಲಗ್ಯಾರ" ಎಂದಷ್ಟೇ ಹೇಳುತ್ತಿದ್ದರು. ನಾನು ಊಟಕ್ಕೆ ಕೂತದ್ದು ಅದರ ಎದುರಿಗೇ. ತಲೆ ಎತ್ತದೆ ಉಂಡೆ. ಹೊರಡುವಾಗ ಕೈಮುಗಿಯಲು ಹತ್ತಿರ ಹೋದೆ. ಕೆಳಗಿನ ತುಟಿ ಎಡಕ್ಕೆ ಜಗ್ಗಿತ್ತು, ಅಂಗಿಯ ಮೇಲೆ ಬೇವಿನ ಕಸ ಇತ್ತು. ಅವತ್ತು "ಭಾಳ ಚಲೋ ಸತ್ತಿ" ಎಂದಿದ್ದೆ. ಹನ್ನೆರಡು ವರ್ಷದಲ್ಲಿ ನಾನು ಅವನನ್ನು ಹೊಗಳಿದ್ದು ಅದೊಂದೇ ಸಲ.