ಉಂಡವರಿಗೆ ಹೇಳುವ ಸುದ್ದಿ

ಭಾಗಪ್ಪ ಯಾರನ್ನೂ ‘ಊಟ ಆಯಿತೇ?’ ಎಂದು ಕೇಳುತ್ತಿರಲಿಲ್ಲ. ವಿಜಾಪುರದ ಒಂದು ಹತ್ತಿ ಕಂಪನಿಯಲ್ಲಿ ಪತ್ರವ್ಯವಹಾರದ ಕಾರಕೂನನಾಗಿ ತಲೆ ಬೆಳ್ಳಗಾಗುವವರೆಗೆ ದುಡಿದ. ಮನೆಗೆ ಬಂದವರ ಮುಂದೆ ತಾಟು ಇಟ್ಟು ಸುಮ್ಮನೆ ಬಡಿಸುತ್ತಿದ್ದನೇ ಹೊರತು ಆ ಮಾತು ಮಾತ್ರ ಅವನ ಬಾಯಿಂದ ಹೊರಡುತ್ತಿರಲಿಲ್ಲ. ದೊಡ್ಡ ಸೊಕ್ಕಿನವನೆಂದು ಜನ ಆಡಿಕೊಂಡರು. ಆಡಿಕೊಂಡವರ ಬಾಯಿಗೆ ಮಣ್ಣು ಬೀಳಲಿ! ಅವನ ಜೊತೆ ಒಂದೇ ಖೋಲಿಯಲ್ಲಿದ್ದು ಓದಿದವನು ನಾನು, ಘೋಣಸಗಿಯ ಇಸ್ಮಾಯಿಲ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ಕೇಳಿ.

ಅವನ ಊರು ಬಬಲೇಶ್ವರ, ತಂದೆ ಕರೆಪ್ಪ, ತಾಯಿ ಸತ್ಯವ್ವ. ಊರಿನಲ್ಲಿ ಯಾರಾದರೂ ಸತ್ತರೆ ಪರ ಊರಿನ ಬೀಗರಿಗೆ ಸುದ್ದಿ ಮುಟ್ಟಿಸುವುದು ಅವರ ಮನೆತನಕ್ಕೆ ಅಂಟಿಸಿದ ಕೆಲಸ. ಕೋಲು ಹಿಡಿದು ಬಿಸಿಲೆನ್ನದೆ ನಡೆಯಬೇಕು. ಹೋದಲ್ಲಿ ಹೊಸ್ತಿಲು ತುಳಿಯುವಂತಿಲ್ಲ, ಅಂಗಳದಾಚೆ ನಿಂತು ಕೂಗಿ ಹೇಳಬೇಕು. ಸತ್ತವರ ಸುದ್ದಿ ಬೇಕು, ತಂದವನ ನೆರಳು ಬೇಡ. ಎಂಥ ಜನ ನೋಡಿ!

ಆದರೆ ಕರೆಪ್ಪನದೇ ಒಂದು ರೀತಿ ಇತ್ತು. ಹೋದ ಕೂಡಲೇ ಸುದ್ದಿ ಹೇಳುತ್ತಿರಲಿಲ್ಲ. ‘ಊಟ ಆತೇನ್ರಿ?’ ಎಂದು ಕೇಳುತ್ತಿದ್ದ. ಇಲ್ಲವೆಂದರೆ ಬೇವಿನ ಗಿಡದ ಕೆಳಗೆ ಕೂತು, ಅವರು ಉಂಡು ಕೈತೊಳೆದ ಮೇಲೆಯೇ ಬಾಯಿಬಿಡುತ್ತಿದ್ದ. ಸುದ್ದಿ ಕೇಳಿದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಸಣ್ಣ ಮಕ್ಕಳೂ ಉಪವಾಸ ಬೀಳುತ್ತವೆ ಎಂದು ಅವನಿಗೆ ಗೊತ್ತು. ಅವನು ಬಂದ ಕಾರಣ ತಿಳಿದವರೂ ತಿಳಿಯದವರಂತೆ ಎರಡು ತುತ್ತು ನುಂಗಿ ಹೊರಗೆ ಬರುತ್ತಿದ್ದರಂತೆ.

ಅರವತ್ತಮೂರನೆಯ ಇಸವಿಯಲ್ಲಿ ನಾನೂ ಭಾಗಪ್ಪನೂ ವಿಜಾಪುರದಲ್ಲಿ ಕಾಮರ್ಸ್ ಓದುತ್ತಿದ್ದೆವು. ಕಾಖಂಡಕಿ ಸರ್ ನಮಗೆ ವ್ಯಾಪಾರದ ಪತ್ರ ಬರೆಯುವುದು, ಸಾಹೇಬರ ಎದುರು ಮಾತನಾಡುವುದು, ಟೆಲಿಫೋನಿನಲ್ಲಿ ಹೆಸರು ಹೇಳಿ ಸುರು ಮಾಡುವುದು ಎಲ್ಲ ಕಲಿಸುತ್ತಿದ್ದರು. ಟೆಲಿಫೋನು ಇದ್ದದ್ದು ಪ್ರಿನ್ಸಿಪಾಲರ ಖೋಲಿಯಲ್ಲಿ ಮಾತ್ರ. ನಾವು ಡಸ್ಟರನ್ನು ಕಿವಿಗೆ ಹಿಡಿದು ‘ಹಲೋ’ ಎನ್ನುತ್ತಿದ್ದೆವು, ಕೆನ್ನೆಯೆಲ್ಲ ಸೀಮೆಸುಣ್ಣದ ಪುಡಿ. ಭಾಗಪ್ಪ ಮಾತಿಗೆ ಎದ್ದನೆಂದರೆ ಬಾಗಿಲ ಕಡೆ ಸರಿದು, ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ತಂದೆಯ ದನಿ ಅದು.

‘ಇಲ್ಲಿ ಟೇಬಲ್ ಹತ್ರ ಬಾರೋ,’ ಎನ್ನುತ್ತಿದ್ದರು ಸರ್. ‘ಕೇಳವ್ರು ಇಲ್ಲೇ ಅದಾರ. ಹತ್ರ ನಿಂತು ಸಾವಕಾಶ ಹೇಳಬೇಕು.’

ಒಂದು ದಿನ ಸರ್ ಕೇಳಿದರು: ‘ಗಿರಾಕಿಗೆ ಕೆಟ್ಟ ಸುದ್ದಿ ಹೇಳೂದದ. ಹೆಂಗ ಸುರು ಮಾಡ್ತೀರಿ?’

ಭಾಗಪ್ಪ ಥಟ್ಟನೆ ಎದ್ದು, ‘ಮೊದಲ ಊಟ ಆತೇನ್ರಿ ಅಂತ ಕೇಳಬೇಕ್ರಿ,’ ಎಂದ. ವರ್ಗವೆಲ್ಲ ಹೋ ಎಂದು ನಕ್ಕಿತು. ಪಾಪ, ಅವನು ತಲೆ ತಗ್ಗಿಸಿ ಕೂತ.

ಹೊರಗೆ ಬಂದ ಮೇಲೆ ಅವನು ತಂದೆಯ ಕೆಲಸದ ಕಥೆಯನ್ನೆಲ್ಲ ನನಗೆ ಹೇಳಿದ. ‘ನನಗ ನೌಕರಿ ಸಿಕ್ಕ ದಿನ ಅಪ್ಪನ ಕೈಯಾಗಿನ ಕೋಲು ಮುರದು ಒಲಿಗೆ ಹಾಕ್ತೀನಿ. ಅವ್ವಗ ಮಾತು ಕೊಟ್ಟೀನಿ,’ ಎಂದ. ಆ ಹಟಕ್ಕೇ ಬಿದ್ದು ಓದಿದ. ಹತ್ತಿರ ನಿಂತು ಮೆಲ್ಲಗೆ ಮಾತನಾಡುವುದನ್ನೂ ಕಲಿತ.

ಹತ್ತಿ ಕಂಪನಿಯ ಇಂಟರ್‌ವ್ಯೂ ದಿನ ನಾನೂ ಅವನ ಜೊತೆ ಹೋದೆ. ಅವನ ಮೈಮೇಲೆ ನನ್ನ ಕೋಟು, ತೋಳು ಗಿಡ್ಡ. ಕಂಪನಿಯ ಗೇಟಿನಾಚೆ ಕರೆಪ್ಪ ನಿಂತಿದ್ದ. ಕೈಯಲ್ಲಿ ಕೋಲು, ಹೆಗಲಲ್ಲಿ ರೊಟ್ಟಿಯ ಗಂಟು.

ಭಾಗಪ್ಪ ನಗುತ್ತ ಓಡಿದ. ‘ಯಪ್ಪಾ! ನೀ ಯಾಕ ಬಂದಿ?’

ಕರೆಪ್ಪ ಮಗನ ಮುಖ ನೋಡಲಿಲ್ಲ. ‘ಊಟ ಆತೇನೋ ಮಗನ?’

ಭಾಗಪ್ಪನ ನಗು ಅಲ್ಲೇ ನಿಂತಿತು. ಅವರ ಮನೆಯಲ್ಲಿ ಇದ್ದವರು ಮೂವರೇ. ಇಬ್ಬರು ಇಲ್ಲಿ ಎದುರುಬದುರು ನಿಂತಿದ್ದರು. ಒಳಗಿನಿಂದ ಜವಾನ ಭಾಗಪ್ಪನ ಹೆಸರು ಕೂಗಿದ.

‘ಇಲ್ಲ. ಮುಗಿಸಿ ಬರ್ತೀನಿ,’ ಎಂದು ಭಾಗಪ್ಪ ಒಳಗೆ ಹೋದ.

ಕರೆಪ್ಪ ನನ್ನ ಕಡೆ ತಿರುಗಿದ. ‘ನೀ ಏನರ ತಿಂದೀಯೇನೋ?’

‘ಸುಸಲಾ ತಿಂದೀನಿ ಕಾಕಾ.’

‘ಸತ್ಯವ್ವ ಹ್ವಾದಳು,’ ಎಂದ. ‘ನಸುಕಿನಾಗ ಎದ್ದು ಮಗನ ಸಲುವಾಗಿ ರೊಟ್ಟಿ ಬಡದಳು. ಗಂಟು ಕಟ್ಟಿ, ಎದಿ ಹಿಡಕೊಂಡು ಕುಂತಾಕಿ ಏಳಲೇ ಇಲ್ಲ.’

ನನಗೆ ತಲೆ ಕೆಟ್ಟುಹೋಯಿತು. ‘ಮತ್ತ ಅವಗ ಹೇಳಬೇಕಿಲ್ಲೇನು? ಎಂಥವರು ನೀವು! ನಾ ಹೋಗಿ ಕರಕೊಂಡ ಬರ್ತೀನಿ,’ ಎಂದು ಹೊರಟೆ.

ಅವನು ನನ್ನ ರಟ್ಟೆ ಹಿಡಿದ. ‘ಬ್ಯಾಡೋ ಯಪ್ಪಾ. ಅದು ನನ್ನ ಕೆಲಸ. ಆಕಿ ಮಾಡಿದ ರೊಟ್ಟಿ ಮೊದಲ ಅವನ ಹೊಟ್ಟಿಗೆ ಬೀಳಲಿ.’

ಭಾಗಪ್ಪ ಹೊರಗೆ ಬಂದು, ಬೇರೆ ಯಾರದೋ ಸಮಾಚಾರ ಹೇಳುವವನಂತೆ, ‘ನೌಕರಿ ಸಿಕ್ತು,’ ಎಂದ. ಕರೆಪ್ಪ ಗಂಟು ಮುಂದೆ ಚಾಚಿದ.

‘ಹಸಿವಿಲ್ಲಪ್ಪಾ.’

‘ಒಂದು ತುತ್ತು.’

‘ಒಲ್ಲೆ.’

‘ಹಂಗಾರ ಊರಿಗೆ ನಡಿ,’ ಎಂದ ಕರೆಪ್ಪ. ಯಾಕೆಂದು ಭಾಗಪ್ಪ ಕೇಳಲಿಲ್ಲ. ಮೂವರೂ ಬಬಲೇಶ್ವರದ ಬಸ್ಸು ಹತ್ತಿದೆವು. ಗಂಟು ಕರೆಪ್ಪನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವನು ‘ತಿನ್ನೋ’ ಎನ್ನುವುದು, ಇವನು ಕಿಟಕಿಯ ಕಡೆ ಮುಖ ತಿರುಗಿಸುವುದು. ತಾನು ಉಣ್ಣದಿದ್ದರೆ ಅಪ್ಪ ಹೇಳುವುದಿಲ್ಲ, ಅಪ್ಪ ಹೇಳುವವರೆಗೆ ಅವ್ವ ಇದ್ದಾಳೆ. ಅಷ್ಟೇ ಅವನ ಹಟ. ನಡುವೆ ನಾನು ಏನೆಂದು ಬಾಯಿ ಹಾಕಲಿ?

ಬಸ್ಸಿಳಿದು ಓಣಿಯ ತಿರುವಿಗೆ ಬಂದಾಗ ಹೆಂಗಸರ ಅಳು ಕೇಳಿಸಿತು. ಭಾಗಪ್ಪ ನಿಂತ. ತಂದೆಯ ಕೈಯಿಂದ ಗಂಟು ತೆಗೆದುಕೊಂಡು ಬಿಚ್ಚಿದ. ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿ ಬಾಯಿಗಿಟ್ಟ, ಅಗಿದು ನುಂಗಿದ.

‘ಉಂಡೀನಪ್ಪಾ. ಈಗ ಹೇಳು.’

ಊರೂರಿನ ಅಂಗಳಗಳಾಚೆ ನಿಂತು ಕೂಗಿ ಹೇಳಿದ ಕರೆಪ್ಪನಿಗೆ ದನಿಯೇ ಹೊರಡಲಿಲ್ಲ. ತುಟಿ ಅಲುಗಿತು. ಕೋಲು ಕೈಜಾರಿ ಮಣ್ಣಿಗೆ ಬಿತ್ತು.

ಭಾಗಪ್ಪ ಅದನ್ನು ಎತ್ತಲಿಲ್ಲ. ತಂದೆಯ ತೀರ ಹತ್ತಿರ ಹೋಗಿ, ‘ಯಪ್ಪಾ, ನಿನಗ ಊಟ ಆತೇನು?’ ಎಂದ.

ಕರೆಪ್ಪ ಇಲ್ಲವೆಂದು ತಲೆಯಾಡಿಸಿದ. ನಸುಕಿನಿಂದ ಅವನ ಹೊಟ್ಟೆಗೆ ಹನಿ ನೀರೂ ಬಿದ್ದಿರಲಿಲ್ಲ. ಭಾಗಪ್ಪ ಇನ್ನೊಂದು ತುತ್ತು ಮುರಿದು ತಂದೆಯ ಬಾಯಿಗಿಟ್ಟ. ಅದು ಗಂಟಲಿನಿಂದ ಇಳಿಯುವವರೆಗೆ ಕಾದ. ಆಮೇಲೆ ಹೆಗಲ ಮೇಲೆ ಕೈಹಾಕಿ, ಕಿವಿಯ ಹತ್ತಿರ, ಮೆಲ್ಲಗೆ ಹೇಳಿದ:

‘ಅವ್ವ ಹ್ವಾದಳಪ್ಪಾ.’

ಆಗ ಕರೆಪ್ಪ ಅತ್ತ. ಊರಿಗೆಲ್ಲ ಹೇಳಿ ಬಂದವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.