ಗಡಿಯಾರದ ಕಾಕಾನ ಕಡಲಗುದುರೆಗಳು

ತೊಂಬತ್ತರ ದಶಕದಲ್ಲಿ ಚಿಕ್ಕೋಡಿಯ ನಮ್ಮ ಓಣಿಯಲ್ಲಿ ಗಡಿಯಾರ ರಿಪೇರಿ ಮಾಡುವ ಜೈನ ಕಾಕಾ ಒಬ್ಬರಿದ್ದರು. ಯಾರು ಅವಸರಪಟ್ಟರೂ "ಸಾವಕಾಶ್ ರೀ" ಅನ್ನುತ್ತಿದ್ದ ಆ ದನಿ ಇನ್ನೂ ಕಿವಿಯಲ್ಲಿದೆ. ಒಮ್ಮೆ ಅವರ ಅಳಿಯ ರತ್ನಾಗಿರಿಯಿಂದ ಕ್ಯಾನಿನಲ್ಲಿ ಸಮುದ್ರದ ನೀರನ್ನೂ ಕುದುರೆಮೋರೆಯ, ಹೆಬ್ಬೆರಳುದ್ದದ ಎರಡು ಕಡಲಗುದುರೆ ಮೀನುಗಳನ್ನೂ ತಂದುಕೊಟ್ಟ. ಕಾಕಾ ಗಾಜಿನ ತೊಟ್ಟಿಗೆ ಮರಳು ಹಾಸಿ, ಗಾಳಿಯ ಪಂಪು ಕೂಡಿಸಿ, ಗಡಿಯಾರ ನೋಡುವ ಭೂತಗನ್ನಡಿಯಲ್ಲೇ ಅವನ್ನು ನೋಡುತ್ತ ಕೂತರು. ಕಡಲೆಹಿಟ್ಟು ಉದುರಿಸಿದರೆ ಅವು ಮೂಸಿಯೂ ನೋಡಲಿಲ್ಲ. ಜೀವಂತ ಸಿಗಡಿಮರಿಗಳನ್ನಷ್ಟೇ ತಿನ್ನುತ್ತವೆಂದು ಕಾಲೇಜಿನ ಮೇಷ್ಟರೊಬ್ಬರು ಹೇಳಿದರು. ಮರುದಿನವೇ ಕಾಕಾ ರತ್ನಾಗಿರಿಯ ಬಸ್ಸು ಹತ್ತಿ, ಅವನ್ನು ಸಮುದ್ರಕ್ಕೆ ಬಿಟ್ಟುಬಂದರು.

"ಯಾಕ್ರಿ ಕಾಕಾ?" ಎಂದೆ.

"ಜೀವ ಇದ್ದದ್ದನ್ನ ಹಾಕಾಕ ಕೈ ಬರಲಿಲ್ಲ. ಉಪಾಸ ಕೆಡವಾಕ ಮನಸ್ಸು ಬರಲಿಲ್ಲ." ಭೂತಗನ್ನಡಿ ಕಣ್ಣಿಗೇರಿಸುತ್ತ ಮೆಲ್ಲಗೆ ಅಂದರು: "ಅಲ್ಲಿ ಏನ್ ತಿಂತಾವೋ, ನಾ ಕೇಳಾಕ ಹೋಗೂದಿಲ್ಲ."